ಬಚ್ಚಲುಮನೆಯ ಹಿತ್ತಾಳೆ ನಲ್ಲಿಗೆ, ಹಾಪ್ ಹೂವಿನ ಚರಟದ ವಿಷಯವಾಗಿ

ನಮ್ಮ ಬಚ್ಚಲುಮನೆಯ ತಾಮ್ರದ ಬಾಯ್ಲರಿನ ಬುಡದಲ್ಲಿ ಹದಿನಾಲ್ಕು ವರ್ಷಗಳಿಂದ ನೆಲೆಸಿರುವ ಹಿತ್ತಾಳೆ ನಲ್ಲಿಯವರ ಸನ್ನಿಧಿಗೆ,
ಅಜ್ಜಂಪುರ.
ಫೆಬ್ರವರಿ 3, 1982

ಮಾನ್ಯರೇ,

ತಮ್ಮ ಹಿಡಿಗೆ ಮೊದಲು ನಮಸ್ಕಾರ, ಬಾಯಿಗೆ ಆಮೇಲೆ. ಈ ದೂರಿನಲ್ಲಿ ಒಂದು ಸಂಗತಿಯನ್ನು ಬಿಟ್ಟೇಬಿಡುವವಳಿದ್ದೆ. ಮೊದಲು ಬರೆದ ಹಾಳೆಯಲ್ಲಿ 'ನಮ್ಮ ಮನೆಯಲ್ಲಿ ಬಿಯರ್ ಕಾಯಿಸಿದ್ದರು' ಎಂದಷ್ಟೇ ಇತ್ತು. ಓದಿದವರು ನನ್ನ ಯಜಮಾನರಾದ ಓಂಕಾರಮೂರ್ತಿಯವರ ಕಡೆ ನೋಡಲಿ ಎಂಬ ಆಸೆ. ಕಾಯಿಸಿದವಳು ನಾನು. ಕುಡಿಯುವ ಆಸೆಯೂ ನನ್ನದೇ.

ಬೆಂಗಳೂರಿನ ಬಿಯರ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಷಣ್ಮುಖಪ್ಪ, ಬಿಯರಿಗೆ ಕಹಿ ಕೊಡುವ ಒಣಗಿದ ಹಾಪ್ ಹೂವಿನ ಪೊಟ್ಟಣವನ್ನೂ ಬಿಯರ್ ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆಗಳನ್ನೂ ಕೊಟ್ಟು ಹೋಗಿದ್ದ. ಕಾನ್ವೆಂಟಿನಲ್ಲಿ ಓದಿದವಳಿಗೆ ಅದರಲ್ಲಿ ತಿಳಿಯದ್ದೇನೂ ಇರಲಿಲ್ಲ. ಮೊಳಕೆ ಕಟ್ಟಿದ ರಾಗಿ ಮನೆಯಲ್ಲೇ ಇತ್ತು. ಮದ್ಯ ಎಂಬ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವ ನನ್ನ ಅತ್ತೆ ವಿಶಾಲಾಕ್ಷಮ್ಮನವರು ನಾಲ್ಕು ದಿನಕ್ಕೆಂದು ತರೀಕೆರೆಯ ಮಗಳ ಮನೆಗೆ ಹೋಗಿದ್ದರು. ನಮ್ಮ ಮನೆಯ ಮಟ್ಟಿಗೆ ಅವರ ಅಧಿಕಾರ ಅಬಕಾರಿ ಇಲಾಖೆಯದಕ್ಕಿಂತ ದೊಡ್ಡದು ಎಂಬುದನ್ನು ತಾವೂ ಬಲ್ಲಿರಿ.

ಹಾಳೆಯಲ್ಲಿ ಎಲ್ಲಕ್ಕೂ ವಿವರಣೆಯಿತ್ತು, ಒಂದನ್ನು ಬಿಟ್ಟು. 'ನಂತರ ಹೂವಿನ ಚರಟವನ್ನು ಸೋಸಿಕೊಳ್ಳುವುದು' ಎಂದು ಒಂದೇ ಸಾಲು. ಬಾಯ್ಲರಿನಲ್ಲಿ ಕುದ್ದ ಮೇಲೆ ಆ ಹೂವು ಉಬ್ಬಿ, ಎಸಳು ಬಿಚ್ಚಿ, ಪುಡಿಯಾಗಿ, ಮಳೆಗಾಲದ ಕೆರೆಯ ಪಾಚಿಯಂತಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಟೀ ಸೋಸುವ ಜಾಲರಿ ಎರಡು ಚೊಂಬಿಗೇ ಕಟ್ಟಿಕೊಂಡಿತು. ಯಜಮಾನರ ಹಳೆಯ ಪಂಚೆ ಹಸಿರಾಯಿತೇ ಹೊರತು ಸೋಸಲಿಲ್ಲ. ಕೊನೆಗೆ ಬಾಯ್ಲರಿನ ರಸವನ್ನೆಲ್ಲ ತೋಡಿ ಹಂಡೆಗೆ ಹಾಕಿಕೊಂಡು, ತಮ್ಮ ಒಳಬಾಯಿಗೆ ತೆಂಗಿನ ನಾರಿನ ಉಂಡೆಯೊಂದನ್ನು ಗಿಡಿದು, ರಸವನ್ನು ಮತ್ತೆ ಸುರಿದು, ತಮ್ಮನ್ನು ತಿರುಗಿಸಿದೆ. ಮೊದಲ ಬಿಂದಿಗೆ ಎಷ್ಟು ತಿಳಿಯಾಗಿ ಬಂತೆಂದರೆ, ನಾನು ಒಬ್ಬಳೇ ನಿಂತು ಜೋರಾಗಿ ನಕ್ಕೆ. ಎರಡನೆಯ ಬಿಂದಿಗೆಗೆ ತಾವು ಬಾಯಿ ಮುಚ್ಚಿದಿರಿ. ಪೊರಕೆ ಕಡ್ಡಿಯಿಂದ ಚುಚ್ಚಿದೆ, ಊದಿದೆ, ಬೇಡಿಕೊಂಡೆ. ತಾವು ಒಂದು ತೊಟ್ಟೂ ಬಿಡಲಿಲ್ಲ. ಉಳಿದದ್ದನ್ನು ಚೊಂಬಿನಲ್ಲಿ ತೋಡಿಕೊಂಡು, ಬಾಯ್ಲರು ತೊಳೆದು, ರಸವನ್ನೆಲ್ಲ ಪಿಂಗಾಣಿ ಜಾಡಿಗೆ ತುಂಬಿ, ಬಿರಡೆ ಜಡಿದು ಅಟ್ಟಕ್ಕೇರಿಸಿದೆ.

ಅತ್ತೆಯವರು ಎರಡು ದಿನ ಮುಂಚೆಯೇ ಬಂದರು. ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಕೂತು ತಮ್ಮನ್ನು ತಿರುಗಿಸಿದಾಗ, ನನಗೆ ಬಿಡದ ತಾವು ಅವರಿಗೆ ಎಲ್ಲವನ್ನೂ ಬಿಟ್ಟುಕೊಟ್ಟಿರಿ: ನಾರು, ಎಸಳು, ಹಸಿರು ಪುಡಿ, ಆ ಕಹಿ ಘಮ, ಬಕೆಟ್ ತುಂಬ. ನಾನು ಬಾಗಿಲ ಹೊರಗೆ ಟವೆಲು ಹಿಡಿದು ನಿಂತಿದ್ದೆ. ಒಳಗಿನಿಂದ ಬಂದ ಮಾತು ಇದು: "ಲಕ್ಕಿ ಸೊಪ್ಪಲ್ಲ ಇದು, ಯಾವ್ದೇ ಮಲ್ಲಿ? ನನ್ ಮಂಡಿಗೆ ಅಂತ ಹಾಕ್ದೇನೇ?"

ನಾನು 'ಹೂಂ' ಎನ್ನಲಿಲ್ಲ. 'ಅಲ್ಲ' ಎನ್ನಲೂ ಇಲ್ಲ. ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಅಂತರವಿದೆ ಎಂದು ಆವರೆಗೆ ನಂಬಿದ್ದೆ.

ತಮ್ಮ ಕೀರ್ತಿ ಆಮೇಲೆ ಬೀದಿಗಿಳಿಯಿತು. ಅತ್ತೆಯವರು ಪಕ್ಕದ ಮನೆಯ ಕಾಶಮ್ಮನವರಿಗೆ ಜಗಲಿಯಿಂದಲೇ ಕೂಗಿ ಹೇಳಿದರು: "ಇಂಗ್ಲೀಷ್ ಓದಿರೋ ಸೊಸೆ ಅಂತ ಹತ್ತೊಂಬತ್ತ್ ವರ್ಷ ಮೂಗು ಮುರ್ದೆ ಕಣ್ರೀ ಕಾಶಮ್ಮ. ನಾನ್ ಊರಲ್ಲಿಲ್ದಾಗ ನನ್ ಮಂಡಿ ನೋವು ನೆನಸ್ಕೊಂಡು ಎಲ್ಲಿಂದಾನೋ ಸೊಪ್ಪು ತರ್ಸಿದಾಳೆ!" ಕಾಶಮ್ಮನವರು ಬಿಟ್ಟಾರೆಯೇ? "ಹಂಗಾದ್ರೆ ನನ್ ಸೊಂಟಕ್ಕೂ ಒಂದ್ ಬಕೆಟ್ ಕಳ್ಸಿ ಕಣ್ರೀ, ನಮ್ ಸೊಸೆ ನೀರು ಕಾಯ್ಸೋದೇ ಹೆಚ್ಚು" ಎಂದರು. ಯಜಮಾನರಂತೂ ನನ್ನನ್ನು ಹಿತ್ತಲಿಗೆ ಕರೆದು, "ಹೇಳ್ಬೇಡ ಕಣೇ. ಅಮ್ಮ ಮೂರ್ ವರ್ಷದ್ ಮೇಲೆ ಚಕ್ಕಂಬಟ್ಲೆ ಹಾಕ್ಕೊಂಡ್ ಊಟಕ್ಕೆ ಕೂತಿದಾಳೆ" ಎಂದು ಪಿಸುಗುಟ್ಟಿದರು.

ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಮೊದಲ ಹೊಗಳಿಕೆಯನ್ನು ಹಿಂದಿರುಗಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಅತ್ತೆಯವರು ಅಡುಗೆಮನೆಯಲ್ಲಿ ತಮ್ಮ ಕೈಗೆ ಸಿಕ್ಕಿದ, ಹೂವು ಇನ್ನೂ ಉಳಿದಿದ್ದ ಪೊಟ್ಟಣವನ್ನು ಶಿವರಾತ್ರಿಗೆ ಮಠಕ್ಕೆ ಒಯ್ಯುತ್ತಾರಂತೆ. ಹಿರಿಯ ಸ್ವಾಮಿಗಳಿಗೂ ಮಂಡಿ ನೋವಂತೆ. 'ಇಂಥ ಸೊಸೆ ತಂದ ಸೊಪ್ಪು' ಎಂದು ಸ್ವತಃ ಕೈಯಾರೆ ಒಪ್ಪಿಸುತ್ತಾರಂತೆ. ನಾನು ನಗೆಗೀಡಾದರೆ ಆಗಲಿ. ಅವರು ಮಠದ ಅಂಗಳದಲ್ಲಿ ಎಲ್ಲರೆದುರು ನಗೆಗೀಡಾಗಬಾರದು.

ಬಚ್ಚಲ ಬಾಗಿಲಲ್ಲಿ ಮೂರು ಸಲ ಹೇಳಹೋದೆ. ಮೂರು ಸಲವೂ ಅವರು ಬೆನ್ನುಜ್ಜಲು ಹೇಳಿದರು, ನಾನು ಉಜ್ಜಿ ಬಂದೆ. ಆದ್ದರಿಂದ ತಮ್ಮಲ್ಲಿ ವಿನಂತಿ: ನಾಳೆ ಅವರು ತಮ್ಮನ್ನು ತಿರುಗಿಸಿದಾಗ, ನೀರಿನ ಬದಲು ತಾವೇ ನಾಲ್ಕು ಮಾತು ಹರಿಸಿ, ನಿಜವನ್ನು ಅವರಿಗೆ ನೋವಾಗದಷ್ಟು ಬೆಚ್ಚಗೆ ತಿಳಿಸಬೇಕು. ಅದು ಆಗದಿದ್ದರೆ ಈ ಪತ್ರವನ್ನು ವಾರಪತ್ರಿಕೆಗೆ ಕಳಿಸದೆ ದಾರಿಯಿಲ್ಲ. ಆ ಪತ್ರಿಕೆಯನ್ನು ಅತ್ತೆಯವರು ಮುಖಪುಟದ ಬೆಲೆಯಿಂದ ಮುದ್ರಕರ ವಿಳಾಸದವರೆಗೆ, ಒಂದಕ್ಷರ ಬಿಡದೆ ಓದುತ್ತಾರೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಕಳೆದುಕೊಳ್ಳದ, ತಮ್ಮ ವಿಶ್ವಾಸಿ,
ಮಲ್ಲಿಕಾಂಬ ಓಂಕಾರಮೂರ್ತಿ

ಮರೆತ ಮಾತು: ಗುಟ್ಟು ಕಾಯುವ ಕೆಲಸಕ್ಕೆ ತಮಗಿಂತ ಅಟ್ಟದ ಜಾಡಿಯೇ ಮೇಲು, ಅದರ ಬಿರಡೆ ಇನ್ನೂ ಹಾರಿಲ್ಲ. ತಮ್ಮ ನಾಳೆಯ ಮಾತಿಗೆ ಕಾಯದೆ ಇದನ್ನು ಇವತ್ತೇ ಅಂಚೆಗೆ ಹಾಕೋಣವೆಂದು ಹೊರಟಿದ್ದೆ. ಜಗಲಿಯಲ್ಲಿದ್ದ ಅತ್ತೆಯವರು ಗೋಡೆ ಹಿಡಿಯದೆ ಎದ್ದು ನಿಂತು, ನಾನು ನೋಡಿದೆನೋ ಇಲ್ಲವೋ ಎಂದು ತಿರುಗಿ ನೋಡಿದರು. ವಾಪಸು ಬಂದೆ. ಮಠಕ್ಕೆ ಹೊರಡುವ ಮುಂಚಿನ ಸಂಚಿಕೆಯಲ್ಲಿ ಇದು ಬರಬೇಕಾದರೆ ತಡ ಮಾಡುವಂತಿಲ್ಲ. ಅಂಚೆಗೆ ಹಾಕುವ ದಿನ: ಫೆಬ್ರವರಿ 8, ಸೋಮವಾರ.