ಮುಟ್ಟಿನ ಬಗ್ಗೆ ನಾನು ಮಾಡಿದ ಭಾಷಣ

ಕೆಲವು ಮಾತುಗಳನ್ನು ಆಡುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ವಯಸ್ಸು ಐವತ್ತು ದಾಟಿದೆ, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ಕಲಿಸಿ ಗಂಟಲು ಲೌಡ್‌ಸ್ಪೀಕರ್ ಆಗಿದೆ. ಆದರೂ ಔಷಧಿ ಅಂಗಡಿಯಲ್ಲಿ ಮಗಳಿಗೆ ಪ್ಯಾಡ್ ಕೇಳುವಾಗ ಅದೇ ಗಂಟಲು ಪಿಸುಗುಡುತ್ತದೆ. ಉಡುಪಿಯ ನಮ್ಮ ಮನೆಯಲ್ಲಿ ಇದಕ್ಕೆ ‘ಕಾಗೆ ಮುಟ್ಟಿತು’ ಎನ್ನುತ್ತಿದ್ದರು. ಮದುವೆಯಾಗಿ ಮುಂಬಯಿಯ ಗೋರೆಗಾಂವ್‌ನ ಆರನೇ ಮಾಳಿಗೆಗೆ ಬಂದೆ. ಕಾಗೆ ಅಲ್ಲಿಗೂ ಬಂತು. ಒಂದೇ ಕೋಣೆಯ ಮನೆಯಲ್ಲಿ ಸೊಸೆಯನ್ನು ‘ಹೊರಗೆ’ ಕೂರಿಸುವುದೆಲ್ಲಿ ಎಂದು ಅತ್ತೆಗೆ ದೊಡ್ಡ ಚಿಂತೆ. ಕೊನೆಗೆ ಫ್ರಿಜ್ಜಿಗೂ ಬಾಗಿಲಿಗೂ ನಡುವಿನ ಜಾಗವನ್ನೇ ‘ಹೊರಗೆ’ ಎಂದು ಘೋಷಿಸಿದರು. ಫ್ರಿಜ್ ತೆರೆಯುವಂತಿರಲಿಲ್ಲ, ಅದರ ಗುರುಗುರು ಕೇಳುತ್ತಾ ಮಲಗಬಹುದಿತ್ತು.

ಇಂಥವಳ ತಲೆಗೆ ನಮ್ಮ ಪ್ರಿನ್ಸಿಪಾಲರು, ಎಂ.ಎಸ್ಸಿ. ಹುಡುಗಿಯರಿಗೆ ಮುಟ್ಟಿನ ನೈರ್ಮಲ್ಯದ ಬಗ್ಗೆ ಭಾಷಣ ಮಾಡುವ ಕೆಲಸ ಕಟ್ಟಿದರು. ಮನೆಯಲ್ಲಿ ಅಭ್ಯಾಸಕ್ಕೆ ನಿಂತರೆ ಯಜಮಾನರು ಹಾಲು ತರುತ್ತೇನೆಂದು ಹೊರಟರು. ವಾಪಸ್ಸು ಬಂದು, ನಾನಿನ್ನೂ ಮುಗಿಸಿಲ್ಲವೆಂದು ತಿಳಿದು, ಮತ್ತೆ ಹಾಲು ತರಲು ಹೋದರು.

ಭಾಷಣವೇನೋ ಚೆನ್ನಾಗಿಯೇ ಆಯಿತು. ಗಂಡಸರ್ಯಾರೂ ಇರಲಿಲ್ಲವಲ್ಲ, ಮೈಕ್ ಹಿಡಿದು “ನಾಚಿಕೆ ಬಿಡಿ!” ಎಂದು ಗುಡುಗಿದೆ. ಪ್ಯಾಡನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು, ಬಟ್ಟೆಯನ್ನು ಬಿಸಿಲಿನಲ್ಲೇ ಏಕೆ ಒಣಗಿಸಬೇಕು ಎಂದು ನಾನು ಕೇಳಿ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ರೇಣುಕಾ. ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಗಳು, ವಿಕ್ರೋಳಿಯ ಒಂದು ಚಾಳಿನ ಪುಟ್ಟ ಮನೆಯಿಂದ ಬರುತ್ತಾಳೆ. ಚುರುಕು ಹುಡುಗಿ, ಆದರೆ ಪ್ರತಿ ತಿಂಗಳೂ ಪ್ರಾಕ್ಟಿಕಲ್ ತಪ್ಪಿಸುತ್ತಿದ್ದಳು. ಅಟೆಂಡೆನ್ಸ್ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ ಎನ್ನುವ ಹಂತಕ್ಕೆ ಬಂದಿತ್ತು. ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

“ಇಷ್ಟೆಲ್ಲ ಗೊತ್ತುಂಟಲ್ಲ ಮಾರಾಯ್ತಿ, ಮತ್ತೆ ಪ್ರಾಕ್ಟಿಕಲ್‌ಗೆ ಯಾಕೆ ಚಕ್ಕರ್?”

“ಎಲ್ಲಾ ಗೊತ್ತೈತ್ರಿ ಮೇಡಂ. ಆದ್ರ ಬದಲಿಸೂದು ಎಲ್ಲಿ ಹೇಳ್ರಿ? ಲ್ಯಾಬ್ ಬಿಲ್ಡಿಂಗ್‌ನಾಗ ಲೇಡೀಸ್ ಟಾಯ್ಲೆಟ್‌ಗೆ ಬೀಗ ಹಾಕ್ಯಾರ. ಚಾವಿ ಬೇಕಂದ್ರ ಆಫೀಸಿನ ಸರ್ ‘ಯಾಕ?’ ಅಂತ ಎಲ್ಲಾರ ಮುಂದ ಕೇಳ್ತಾರ. ಒಮ್ಮೆ ದಿನಾ ಪೂರ್ತಿ ಹಂಗ ಕುಂತಿದ್ದೆ. ಎದ್ದಾಗ ಸ್ಟೂಲಿಗೆಲ್ಲಾ ಕಲೆ ಆಗಿತ್ತು, ಹುಡುಗ್ರು ನೋಡಿದ್ರು. ಆಮ್ಯಾಲೆ ಆ ದಿನದಾಗ ಬರೂದ ಬಿಟ್ಟೆ.”

ಸ್ಟಾಫ್‌ರೂಮಿಗೆ ಬೇರೆ ಟಾಯ್ಲೆಟ್ ಇದೆ. ಆ ಬೀಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳನ್ನು ಕರೆದುಕೊಂಡು ನೇರ ಪ್ರಿನ್ಸಿಪಾಲರಲ್ಲಿಗೆ ನಡೆದೆ. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋಗಿ, ಈ ಹುಡುಗಿಯನ್ನು ಪರೀಕ್ಷೆಗೆ ಕೂರಿಸಲೇಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ಗೈರುಹಾಜರಿಗೆ ಕಾರಣ?” ಎಂದರು.

ಅಷ್ಟೇ. ಮೈಕಿನ ಮುಂದಿದ್ದ ದನಿ ಎಲ್ಲಿ ಹೋಯಿತೋ! “ಆಗಾಗ... ಹೊಟ್ಟೆನೋವು ಸರ್” ಎಂದೆ. ಬೀಗದ ವಿಷಯ ನಾಲಿಗೆಯವರೆಗೆ ಬಂದು ಒಳಗೇ ಹೋಯಿತು. ಪಾಪ, ಒಳ್ಳೆಯ ಮನುಷ್ಯರು. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಆಗುವುದಿಲ್ಲ ಎಂದರು, ಹುಡುಗಿಯ ಆರೋಗ್ಯದ ಬಗ್ಗೆ ಒಂದು ಕಿವಿಮಾತನ್ನೂ ಹೇಳಿದರು.

“ಏನಂದ್ರು ಮೇಡಂ?” ಎಂದು ಹೊರಗೆ ರೇಣುಕಾ ಕೇಳಿದಳು.

“ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಈ ಸಲ ಪರೀಕ್ಷೆಗೆ ಬಿಡುವುದಿಲ್ಲವಂತೆ. ನೀನು ಹೊರಗೆ ವಡಾಪಾವ್ ತಿನ್ನುವುದನ್ನು ಕಮ್ಮಿ ಮಾಡಬೇಕಂತೆ.”

ಅವಳ ಕಣ್ಣು ತುಂಬಿತು. ನಾನು ಒಳಗೆ ಏನು ಹೇಳಿರಬಹುದೆಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, “ಹೋಗ್ಲಿ ಬಿಡ್ರಿ ಮೇಡಂ. ಗಂಡಸರ ಮುಂದ ನೀವಾದ್ರೂ ಹೆಂಗ ಹೇಳ್ತೀರಿ” ಎಂದು ನನ್ನನ್ನೇ ಸಮಾಧಾನ ಮಾಡಿದಳು.