ನಾಲ್ಕನೇ ಮಹಡಿಯ ಗೇಟು

"ಜನ ಮೆಟ್ಟಿಲು ಹತ್ತಬಾರದು ಅಂತ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು! ನಾನು ಮೆಟ್ಟಿಲು ಹತ್ತೋದೇ? ನನ್ನ ಹೆಣ ಹತ್ತಬೇಕು!"

ಹೀಗೆ ಘರ್ಜಿಸಿದೆನೆಂದು ಲಿಫ್ಟಪ್ಪ ಅಂದುಕೊಂಡ. ಕೇಳಿದವರಿಗೆ ಹರಿದ ತಿದಿಯ ಸುಂಯ್ ಸದ್ದೇ ಹೆಚ್ಚು.

"ಹೆಣ ತಾನಾಗಿ ಹತ್ತಲ್ಲ ಕಣ್ರೀ, ನಾಲ್ಕು ಜನ ಹೊರಬೇಕು," ಎಂದಳು ಹೆಂಡತಿ.

ಆ ಬೆಳಿಗ್ಗೆಯಷ್ಟೇ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಂಟು ಇದೆ. ಸಣ್ಣದಿರುವಾಗಲೇ ಕತ್ತರಿಸಿ ತೆಗೆಯಬಹುದು. ಆದರೆ ಈ ಉಸಿರು ನಂಬಿಕೊಂಡು ಚಾಕು ಹಿಡಿಯಲಾರೆ. ಮೂರು ವಾರ ಮೆಟ್ಟಿಲು ಹತ್ತಿ ಬನ್ನಿ, ನೋಡೋಣ. ಅವನ ಸಿಗರೇಟಿನ ತಗಡಿನ ಡಬ್ಬಿಯನ್ನು ಹೆಂಡತಿ ಆಸ್ಪತ್ರೆ ಬಾಗಿಲಲ್ಲೇ ಕಿತ್ತುಕೊಂಡಳು. ಆಮೇಲೆ ಕೇಳಿದ್ದಕ್ಕೆ "ಎಸೆದೆ" ಅಂದಳು.

ಮರುದಿನ ಲಿಫ್ಟ್ ನಿಂತಿತು! ಅದೂ ಅವನೇ ತನ್ನ ಕೈಯಾರೆ ಕೂರಿಸಿದ, ಅವನು ನೆಲಮಹಡಿಯಲ್ಲಿ ವಾಸವಿದ್ದ ಕಟ್ಟಡದ ಲಿಫ್ಟು. ಹಳೇ ಕಾಲದ ಜಾಲರಿ ಬಾಗಿಲಿನದು. ಯಾವ ಮಹಡಿಯ ಗೇಟು ಬೆರಳಷ್ಟು ತೆರೆದಿದ್ದರೂ ಅಲುಗದು.

"ಬೇರೆ ಮೆಕ್ಯಾನಿಕ್ ಕರೆಸಲಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ನಾನೇನು ಸತ್ತಿದ್ದೀನೇನೇ?"

ಯಾವ ಗೇಟು ತೆರೆದಿದೆಯೋ ನೋಡಲು ಹತ್ತಿದ. ಮಹಡಿಗೆ ಎರಡು ಸಲ ಕೂತು, ಏಳೇಳು ಲೋಕ ದಾಟಿದವನಂತೆ ನಾಲ್ಕನೇ ಮಹಡಿ ಮುಟ್ಟಿದ. ಅಲ್ಲಿದ್ದ ನಿವೃತ್ತ ಟೀಚರಮ್ಮ, "ಮರೆತು ಬಿಟ್ಟಿದ್ದೆ ನೋಡಿ, ಈಗಷ್ಟೇ ಗೇಟು ಹಾಕಿದೆ," ಎಂದರು. ಬೈಯಲು ಬಾಯಿ ತೆರೆದ. ಗಾಳಿ ಬಂತು, ಬೈಗುಳ ಬರಲಿಲ್ಲ.

"ಕೂತ್ಕೊಳ್ಳಿ, ನಿಧಾನಕ್ಕೆ ಬೈರಿ. ನನಗೇನೂ ಅವಸರವಿಲ್ಲ," ಎಂದು ಸ್ಟೂಲು ಎಳೆದರು.

ದಿನಕ್ಕೆ ಎರಡು ಸಲ ಇದೇ ಕತೆ! ಎರಡನೇ ವಾರ, "ಬುದ್ಧಿ ಇದೆಯೇನಮ್ಮಾ?" ಎಂಬಷ್ಟು ಉಸಿರು ಬಂತು. ಮೂರನೇ ವಾರ ಎಲ್ಲೂ ಕೂರದೆ ಏದುತ್ತಲೇ ಹತ್ತಿ, ಟೀಚರಮ್ಮನನ್ನು ಪಾಸು ಮಾಡಿದ ಕಾಲೇಜನ್ನೂ ಸೇರಿಸಿ ಬೈದ.

ಪರೀಕ್ಷೆಯ ದಿನ ಡಾಕ್ಟರೇ ಬೆರಗಾದರು. "ಏನು ವ್ಯಾಯಾಮ ಮಾಡಿದ್ರಿ?"

"ವ್ಯಾಯಾಮವೇ? ಒಂದು ಕಡ್ಡೀನೂ ಎತ್ತಿಟ್ಟಿಲ್ಲ!"

ಹೆಂಡತಿ ಗೋಡೆ ನೋಡಿದಳು.

ಆಪರೇಷನ್ ಆಯಿತು. ಎರಡನೇ ದಿನವೇ ಎದೆಗೆ ಹಾಕಿದ್ದ ನಳಿಕೆಯ ಬಾಟಲಿ ಕೈಯಲ್ಲಿ ಹಿಡಿದು ವಾರ್ಡು ಸುತ್ತಿದ. ಗಂಟು ಪೂರ್ತಿ ಹೋಗಿದೆ, ಬೇರೆಲ್ಲೂ ಹರಡಿಲ್ಲ ಎಂಬ ರಿಪೋರ್ಟು ಬಂದಾಗ ಹೆಂಡತಿ ಕಾರಿಡಾರಿನ ಬೆಂಚಿನಲ್ಲಿ ಕೂತು ಮನಸಾರೆ ಅತ್ತಳು.

ಎರಡು ತಿಂಗಳ ನಂತರ ಮತ್ತೆ ಲಿಫ್ಟ್ ನಿಂತಿತು. ಲಿಫ್ಟಪ್ಪ ಮಹಡಿಗೊಮ್ಮೆ ಸುಧಾರಿಸಿಕೊಂಡು, ಸದ್ದಿಲ್ಲದೆ ಹತ್ತಿದ. ಮೇಲೆ ಟೀಚರಮ್ಮ ಇರಲಿಲ್ಲ. ಗೇಟಿನ ಸಂದಿಯಲ್ಲಿ ಸಿಕ್ಕಿಸಿದ್ದ ವಸ್ತು ಮಾತ್ರ ಇತ್ತು: ಅವನದೇ ಸಿಗರೇಟು ಡಬ್ಬಿ!

ಟೀಚರಮ್ಮ ಓಡಿ ಬಂದರು. "ಅಯ್ಯೋ! ಮುಂಚೆ ನೀವು ಎರಡನೇ ಮಹಡೀಲಿರುವಾಗಲೇ ಏದುಸಿರು ಕೇಳಿಸ್ತಿತ್ತು, ಡಬ್ಬಿ ತೆಗೆದಿಡ್ತಿದ್ದೆ. ಇವತ್ತು ಸದ್ದೇ ಇಲ್ವಲ್ಲ!"

ಎದೆ ತುಂಬ ಉಸಿರಿತ್ತು. ಡಬ್ಬಿ ಕಿತ್ತುಕೊಂಡು ದಡದಡ ಇಳಿದ.

"ಎಸೆದೆ ಅಂದಿದ್ದೆಯಲ್ಲೇ?"

"ಹೂಂ. ನಾಲ್ಕನೇ ಮಹಡಿಗೆ ಎಸೆದೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ ಕೂಗು ಬಂತು: "ಲಿಫ್ಟಪ್ಪನೋರೇ, ಲಿಫ್ಟ್ ಇನ್ನೂ ಬರ್ತಿಲ್ಲ! ಮೇಲಿನ ಗೇಟು ತೆರೆದಿಟ್ಟು ಹೋದೋರು ಯಾರು?"

ಲಿಫ್ಟಪ್ಪ ಕೈಯಲ್ಲಿದ್ದ ಡಬ್ಬಿ ನೋಡಿದ. ಹೆಂಡತಿ ಅವನನ್ನು ನೋಡಿದಳು.

"ಬುದ್ಧಿ ಇದೆಯೇನ್ರೀ?"

ಅವನು ತೆಪ್ಪಗೆ ಮೆಟ್ಟಿಲ ಕಡೆ ನಡೆದ.