ಗೇಟಿಗೆ ಬೆಸುಗೆ, ನನ್ನ ಮುಖಕ್ಕೆ ಉರಿ

ಬೆಂಕಿ ಸುಡುತ್ತದೆ, ಬೆಳಕು ಯಾರನ್ನೂ ಸುಡುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ರಾಜಾಜಿನಗರದಲ್ಲಿ ಆಗತಾನೆ ಮನೆಗಳು ಏಳುತ್ತಿದ್ದ ಕಾಲ. ನಮ್ಮ ಹೊಸ ಮನೆಗೆ ಕಬ್ಬಿಣದ ಗೇಟು ಮಾಡಿಸಲು ಕಾರ್ಖಾನೆಗಳ ಕಡೆ ಇದ್ದ ವೆಲ್ಡಿಂಗ್ ಶೆಡ್ಡಿಗೆ ಹೋದೆ. "ಪಕ್ಕದಲ್ಲೇ ನಿಂತು ಮಾಡಿಸ್ಕೊಳ್ಳಿ. ಕಣ್ಣು ತಪ್ಪಿಸಿದ್ರೆ ಎರಡು ಚುಕ್ಕಿ ಬೆಸುಗೆ ಇಟ್ಟು ಮುಗೀತು ಅಂತಾರೆ" ಎಂದು ಪಕ್ಕದ ಮನೆಯ ಶಾಮಣ್ಣನವರು ಎಚ್ಚರಿಸಿ ಕಳಿಸಿದ್ದರು.

ವೆಲ್ಡರ್ ಮುನಿಸ್ವಾಮಿ ಕಪ್ಪು ಗಾಜು ಕೂರಿಸಿದ ಹಲಗೆಯನ್ನು ಮುಖಕ್ಕೆ ಹಿಡಿದು, "ದೂರ ಹೋಗಿ ಸಾರ್. ಈ ನೀಲಿ ಬೆಳಕು ಚರ್ಮಾನೂ ಸುಡತ್ತೆ" ಎಂದ.

"ಬೆಳಕು ಸುಡತ್ತೇನಯ್ಯಾ? ನಾನೂ ನಾಲ್ಕಕ್ಷರ ಓದಿದವನು!"

ಬೆಳಕು ಕಣ್ಣು ಕುಕ್ಕಿತು. ಆದರೂ ಜಾಗ ಬಿಡಲಿಲ್ಲ. ಸೆಕೆಗೆ ಅಂಗಿಯ ಎರಡು ಗುಂಡಿ ಬಿಚ್ಚಿ, ಮುಖವನ್ನು ಮುಂದೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎರಡು ಗಂಟೆ ಮೇಲ್ವಿಚಾರಣೆ ನಡೆಸಿದೆ!

ಮರುದಿನ ಬೆಳಗ್ಗೆ ಎದ್ದರೆ ಮುಖ ಕೆಂಡ. ಕೆನ್ನೆ ಊದಿದೆ, ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆ, ಕಣ್ಣೊಳಗೆ ಮರಳು ಸುರಿದಂಥ ಉರಿ. ಕಾಫಿ ತಂದ ನನ್ನ ಹೆಂಡತಿ ಸರೋಜ ಬಾಗಿಲಲ್ಲೇ ನಿಂತಳು. ಲೋಟ ಕೆಳಗಿಟ್ಟು ಕೈ ಮುಗಿದಳು.

ಮದುವೆಯಾದ ಮೇಲೆ ಅವಳು ನನಗೆ ಕೈ ಮುಗಿದದ್ದು ಅದೇ ಮೊದಲು. ನನಗಲ್ಲ, ಸಿಡುಬಿನ ಅಮ್ಮನಿಗೆ!

"ಅಮ್ಮ ಬಂದಿದ್ದಾಳೆ ಕಣ್ರೀ" ಎಂದು ಪಿಸುಗುಟ್ಟಿದಳು.

ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಸಿಡುಬು ಬಾರದಂತೆ ಅದಕ್ಕೆ ಇನ್ನೂ ದಾಕು ಹಾಕಿಸಿರಲಿಲ್ಲ. "ಎಳೇ ಮಗು, ಮುಂದಿನ ತಿಂಗಳು ನೋಡೋಣ" ಎಂದು ಮೂರು ಸಲ ಮುಂದೂಡಿದ ಮಹಾಶಯ ನಾನೇ. ಹಿಂದಿನ ಸಂಜೆ ಅದರ ಕೆನ್ನೆಗೆ ಕೆನ್ನೆ ಒತ್ತಿ ಮುದ್ದಾಡಿದ್ದೆ ಬೇರೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಸರೋಜ ಮಗುವನ್ನೆತ್ತಿಕೊಂಡು ಹಿಂದಿನ ಕೋಣೆ ಸೇರಿದಳು. ಶಾಮಣ್ಣನವರು ಬೀದಿಯ ಆ ಬದಿಯಿಂದಲೇ ನನ್ನನ್ನುದ್ದೇಶಿಸಿ, "ತಾಯೀ, ತಣ್ಣಗಿರಮ್ಮಾ! ಏನು ತಪ್ಪಾಗಿದ್ರೂ ಹೊಟ್ಟೆಗೆ ಹಾಕ್ಕೋ!" ಎಂದು ಬೇಡಿಕೊಂಡರು. ಯಾರೋ ಕಿಟಕಿಯಲ್ಲಿ ಮೊಸರನ್ನದ ಎಲೆ ಇಟ್ಟು ಓಡಿದರು. ಒಳಗೆ ಮಗು ಕೆಮ್ಮಿದರೂ ಸಾಕು, ಕೂಗುತ್ತಿದ್ದೆ.

"ಸರೋಜಾ, ಮೈ ಬಿಸಿ ಇದೆಯಾ ನೋಡೇ!"

"ನಿಮ್ಮ ಕೂಗಿಗೇ ಅದು ಬೆಚ್ಚಿಬೀಳ್ತಾ ಇದೆ, ಸುಮ್ನಿರಿ!" ಎಂದಳು.

ಮಧ್ಯಾಹ್ನ ಮುನಿಸ್ವಾಮಿ ಗಾಡಿಯಲ್ಲಿ ಗೇಟು ತಂದ. ಬೇವಿನ ಸೊಪ್ಪು ಕಂಡು ಭಕ್ತಿಯಿಂದ ಚಪ್ಪಲಿ ಬಿಟ್ಟ. ಕಿಟಕಿಯಲ್ಲಿ ನನ್ನ ಮುಖ ಕಂಡು ಮತ್ತೆ ಮೆಟ್ಟಿಕೊಂಡ!

"ಅಂಗಿ ಬಿಚ್ಚಿ ಸಾರ್. ನೋಡಿ, ಗುಂಡಿ ಬಿಚ್ಚಿದ್ದಷ್ಟೇ ಜಾಗ ಕೆಂಪು. ಅಂಗಿ ಇದ್ದ ಕಡೆ ಏನೂ ಇಲ್ಲ. ಅಮ್ಮ ಬಂದ್ರೆ ಅಂಗಿ ನೋಡ್ಕೊಂಡು ಬರ್ತಾಳಾ? ನೀಲಿ ಬೆಳಕು ಹೊಡೆದಿದೆ. ಅದ್ರಲ್ಲಿ ಕಣ್ಣಿಗೆ ಕಾಣ್ದೇ ಇರೋದು ಏನೋ ಇದೆಯಂತೆ, ಬಿಸಿಲಿಗಿಂತ ಜೋರು. ನಾಲ್ಕು ದಿನಕ್ಕೆ ಸಿಪ್ಪೆ ಸುಲಿದು ಹೋಗತ್ತೆ."

ಸರೋಜ ಓಡಿಬಂದು ನನ್ನ ಎದೆ ನೋಡಿದಳು. ಮೊದಲು ಅತ್ತಳು, ಆಮೇಲೆ ನಕ್ಕಳು, ಕೊನೆಗೆ ಬೈದಳು.

ಅಷ್ಟರಲ್ಲಿ ಶಾಮಣ್ಣನವರು ಹೆಲ್ತ್ ಇನ್‌ಸ್ಪೆಕ್ಟರನ್ನೇ ಕರೆತಂದಿದ್ದರು. ಅವರು ನನ್ನನ್ನು ಪರೀಕ್ಷಿಸಿ, "ಸಿಡುಬಲ್ಲ. ಆದ್ರೂ ಇಷ್ಟು ದೂರ ಬಂದಿದ್ದಾಗಿದೆ, ಇಡೀ ಬೀದಿಗೆ ದಾಕು ಹಾಕೇ ಹೋಗ್ತೀನಿ" ಎಂದು ಚೀಲ ಬಿಚ್ಚಿದರು. ಬೀದಿಯವರೆಲ್ಲ ನನ್ನನ್ನು ದುರುಗುಟ್ಟಿ ನೋಡುತ್ತಾ ನಮ್ಮ ಅಂಗಳದಲ್ಲಿ ಸಾಲು ನಿಂತರು.

ಮೊದಲು ನಮ್ಮ ಕೂಸು. ಒಂದು ಸಲ ಕಿರುಚಿ, ಸರೋಜಳ ಮುಖ ನೋಡಿ ಸುಮ್ಮನಾಯಿತು. ನನಗೆ ಹೋದ ಜೀವ ಬಂದಂತಾಯಿತು.

"ಈಗ ಯಜಮಾನ್ರು. ತೋಳು ಕೊಡಿ."

ಕಣ್ಣು ಬಿಟ್ಟಾಗ ನೆಲದ ಮೇಲೆ ಮಲಗಿದ್ದೆ. ಸಾಲಿನಲ್ಲಿದ್ದವರು ನನ್ನನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು. ನನಗೆ ಸೂಜಿಯನ್ನು ಇನ್ನೂ ತಾಗಿಸಿರಲೇ ಇಲ್ಲವಂತೆ!